ಮಿಠಾಯಿಯ ಬಾಳೆ, ನಂಜನಗೂಡಿನ ಬಾಳೆ

ಪೆಟ್ಟಿಗೆ ಅಂಗಡಿಯ ಡಬ್ಬಿಯಲ್ಲಿ ಹಳದಿ ಬಣ್ಣದ ಬಾಳೆಹಣ್ಣಿನ ಫ್ಲೇವರ್ ಮಿಠಾಯಿ ಇರುತ್ತದಲ್ಲ, ಅದನ್ನು ತಿಂದವರಿಗೆಲ್ಲ ಒಂದು ವಿಷಯ ಗೊತ್ತು. ವಾಸನೆ ಬಾಳೆಹಣ್ಣಿನದೇ, ಅನುಮಾನವಿಲ್ಲ. ಆದರೆ ನಾವು ತಿನ್ನುವ ಯಾವ ಬಾಳೆಹಣ್ಣೂ ಹಾಗಿರುವುದಿಲ್ಲ. ಏಲಕ್ಕಿ ಬಾಳೆಯೂ ಅಲ್ಲ, ಪಚ್ಚಬಾಳೆಯೂ ಅಲ್ಲ, ರಸಬಾಳೆಯಂತೂ ಅಲ್ಲವೇ ಅಲ್ಲ.

ಇದು ಯಾಕೆ ಹೀಗೆ ಅಂತ ಮೊಬೈಲಿನಲ್ಲಿ ಒಂದು ಕಥೆ ಓಡಾಡುತ್ತಿದೆ. ನಿಮಗೂ ಬಂದಿರಬಹುದು. ಹಿಂದೆ ಗ್ರೋ ಮಿಷೆಲ್ ಅಂತ ಒಂದು ಬಾಳೆ ತಳಿ ಇತ್ತಂತೆ, ಅದರ ರುಚಿ ನಕಲು ಮಾಡಿ ಮಿಠಾಯಿ ಮಾಡಿದರಂತೆ, ಆಮೇಲೆ ರೋಗ ಬಂದು ಆ ಬಾಳೆಯೇ ಭೂಮಿಯಿಂದ ಮಾಯವಾಯಿತಂತೆ, ಈಗ ಅದರ ರುಚಿ ಮಿಠಾಯಿಯಲ್ಲಿ ಮಾತ್ರ ಉಳಿದಿದೆಯಂತೆ.

ಕೇಳೋಕೆ ಚೆನ್ನಾಗಿದೆ. ಆದರೆ ಅರ್ಧ ಮಾತ್ರ ನಿಜ. ಮಿಠಾಯಿಯ ಆ ವಾಸನೆ ಬಾಳೆಹಣ್ಣನ್ನು ನೋಡಿ ಮಾಡಿದ್ದಲ್ಲ. ಅದು ಸಾರಾಯಿ ಭಟ್ಟಿಯಲ್ಲಿ ಉಳಿದ ಕೊಳೆಯಿಂದ ಹುಟ್ಟಿದ್ದು. ಅದು ಸೀಸೆಗೆ ಬಂದಾಗ ಅದನ್ನು ಮೂಸಿದ ಜನರಲ್ಲಿ ಬಹುಪಾಲು ಜನ ಬಾಳೆಹಣ್ಣನ್ನೇ ಕಂಡಿರಲಿಲ್ಲ. ಇನ್ನು ಕಥೆಯ ನಿಜವಾದ ಅರ್ಧ, ಅಂದರೆ ರೋಗದ ಕಥೆ, ನಡೆದದ್ದು ಅಮೆರಿಕ ಖಂಡದಲ್ಲಿ ಮಾತ್ರ ಅಲ್ಲ. ಅದೇ ರೋಗ ನಮ್ಮ ನಂಜನಗೂಡಿನ ತೋಟಗಳಿಗೂ ಬಂದಿದೆ.

ಮೊದಲು ಭಟ್ಟಿಯ ವಿಷಯ ನೋಡೋಣ. ಆಲೂಗಡ್ಡೆಯನ್ನೋ ಧಾನ್ಯವನ್ನೋ ಕೊಳೆಸಿ ಸಾರಾಯಿ ಇಳಿಸುವಾಗ ಕೊನೆಗೆ ಎಣ್ಣೆಯಂಥ ಒಂದು ದ್ರವ ಉಳಿಯುತ್ತದೆ. ಯುರೋಪಿನವರು ಅದನ್ನು ಫ್ಯೂಸೆಲ್ ಎಣ್ಣೆ ಅನ್ನುತ್ತಿದ್ದರು. ಕೆಟ್ಟ ವಾಸನೆ, ಕುಡಿದರೆ ತಲೆನೋವು. ಭಟ್ಟಿಯವರಿಗೆ ಅದನ್ನು ಎಲ್ಲಿ ಸುರಿಯುವುದು ಅನ್ನುವುದೇ ಚಿಂತೆ. 1830ರ ದಶಕದ ಕೊನೆಯಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಒಗಸ್ಟ್ ಕಾವೂರ್ ಈ ಎಣ್ಣೆಯನ್ನು ಪರೀಕ್ಷಿಸಿ, ಇದರ ಮುಖ್ಯ ಭಾಗ ಎಣ್ಣೆಯಲ್ಲ, ಅದೂ ಒಂದು ಬಗೆಯ ಆಲ್ಕೋಹಾಲ್ ಎಂದು ತೋರಿಸಿದ. ಅದಕ್ಕೆ ಅಮೈಲ್ ಆಲ್ಕೋಹಾಲ್ ಎಂಬ ಹೆಸರು ಬಂತು.

ಆಲ್ಕೋಹಾಲ್ ಅಂದಮೇಲೆ ಅದರ ಜೊತೆ ಒಂದು ಆಮ್ಲ ಸೇರಿಸಿದರೆ ಎಸ್ಟರ್ ಆಗುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ನೆನಪಿರಬಹುದು. ಓದದವರಿಗೆ ಇಷ್ಟು ಸಾಕು: ಆಲ್ಕೋಹಾಲ್ ಮತ್ತು ಆಮ್ಲ ಕೈಹಿಡಿದು, ನಡುವಿನ ಒಂದಿಷ್ಟು ನೀರನ್ನು ಹೊರಗೆ ಬಿಟ್ಟು, ಹೊಸ ವಸ್ತುವಾಗುತ್ತವೆ. ಆ ಹೊಸ ವಸ್ತುವೇ ಎಸ್ಟರ್. ಬಹಳ ಹಣ್ಣುಗಳ ಘಮ ಈ ಎಸ್ಟರ್‌ಗಳದ್ದೇ. ಭಟ್ಟಿಯ ಆ ಅಮೈಲ್ ಆಲ್ಕೋಹಾಲಿಗೆ ವಿನಿಗರ್‌ನ ಹುಳಿ, ಅಂದರೆ ಅಸಿಟಿಕ್ ಆಮ್ಲ ಸೇರಿಸಿ, ಸ್ವಲ್ಪ ಗಂಧಕಾಮ್ಲ ಹಾಕಿ ಕಾಯಿಸಿದರೆ ಸಿಗುವುದು ಐಸೋಅಮೈಲ್ ಅಸಿಟೇಟ್. ಇವತ್ತಿಗೂ ಕಾಲೇಜು ಲ್ಯಾಬುಗಳಲ್ಲಿ ವಿದ್ಯಾರ್ಥಿಗಳು ಇದನ್ನು ಮಾಡುತ್ತಾರೆ. ಲ್ಯಾಬಿನ ಹೊರಗೆ ನಿಂತರೂ ಗೊತ್ತಾಗುತ್ತದೆ, ಒಳಗೆ ಯಾರೋ ಬಾಳೆಗೊನೆ ಇಟ್ಟಿದ್ದಾರೆ ಅನ್ನಿಸುತ್ತದೆ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಮೇ 1ರಿಂದ ಅಕ್ಟೋಬರ್ 15ರವರೆಗೆ, ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯಲ್ಲಿ. ಯಂತ್ರ, ಬಟ್ಟೆ, ಒಡವೆಗಳ ಜೊತೆ ಸಣ್ಣ ಸಣ್ಣ ಸೀಸೆಗಳಲ್ಲಿ ಹಣ್ಣಿನ ಎಸೆನ್ಸ್‌ಗಳೂ ಬಂದಿದ್ದವು. ಆಗ ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ ಅವುಗಳನ್ನು ಪರೀಕ್ಷಿಸಿದ. ಅನಾನಸ್ ಎಣ್ಣೆ ಅಂತ ಹೆಸರು ಹಚ್ಚಿದ್ದರಲ್ಲಿ ಅನಾನಸ್ ಇರಲಿಲ್ಲ. ಕೆಟ್ಟ ಬೆಣ್ಣೆಯ ವಾಸನೆಗೆ ಕಾರಣವಾದ ಬ್ಯುಟಿರಿಕ್ ಆಮ್ಲದ ಎಸ್ಟರ್ ಇತ್ತು. ಪೇರ್ ಎಣ್ಣೆಯಲ್ಲಿ ಪೇರ್ ಹಣ್ಣಿರಲಿಲ್ಲ. ಮದ್ಯಸಾರದಲ್ಲಿ ಕರಗಿಸಿದ ನಮ್ಮ ಅಮೈಲ್ ಅಸಿಟೇಟ್ ಇತ್ತು. ಅದನ್ನು ಸಕ್ಕರೆ ಮಿಠಾಯಿಗೆ ಹಾಕಿ ಪೇರ್ ಡ್ರಾಪ್ಸ್ ಅಂತ ಮಾರುತ್ತಿದ್ದರು.

ಗಮನಿಸಿ, ಇಂಗ್ಲೆಂಡಿನಲ್ಲಿ ಅದು ಪೇರ್ ಹಣ್ಣಿನ ವಾಸನೆ ಅನ್ನಿಸಿಕೊಂಡಿತ್ತು. ಬಾಳೆ ಅಲ್ಲ. ಯಾಕೆಂದರೆ ಅಲ್ಲಿಯ ಜನಕ್ಕೆ ಪೇರ್ ಗೊತ್ತಿತ್ತು, ಬಾಳೆ ಗೊತ್ತಿರಲಿಲ್ಲ. ಅದೇ ದ್ರವ ಅಮೆರಿಕದಲ್ಲಿ ಬಾಳೆ ಎಣ್ಣೆ ಎಂಬ ಹೆಸರು ಪಡೆಯಿತು. ಮಿಠಾಯಿಗೆ ಹಾಕಿದ್ದಷ್ಟೇ ಅಲ್ಲ, ಬಣ್ಣ ಮತ್ತು ವಾರ್ನಿಶ್ ಕರಗಿಸಲೂ ಅದನ್ನು ಬಳಸಿದರು. ಒಂದೇ ವಾಸನೆ, ಎರಡು ದೇಶ, ಎರಡು ಹಣ್ಣು. ನಮ್ಮ ಮೂಗು ಸ್ವಂತ ಬುದ್ಧಿಯಿಂದ ಕೆಲಸ ಮಾಡುತ್ತದೆ ಅಂದುಕೊಂಡಿದ್ದೇವೆ. ಸೀಸೆಯ ಮೇಲೆ ಅಂಟಿಸಿದ ಚೀಟಿ ಓದಿಕೊಂಡು ಕೆಲಸ ಮಾಡುತ್ತದೆ ಅನ್ನಿಸುತ್ತದೆ ನನಗೆ.

ಹಾಗಾದರೆ ನಿಜವಾದ ಬಾಳೆಹಣ್ಣಿನಲ್ಲಿ ಈ ವಸ್ತು ಇದೆಯೇ? ಇದೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ರಸಾಯನಶಾಸ್ತ್ರಜ್ಞರು ಹಣ್ಣಿನಲ್ಲೇ ಅದನ್ನು ಪತ್ತೆ ಮಾಡಿದರು. ಅಂದರೆ ಮಿಠಾಯಿ ಮೊದಲು ಬಂತು, ಹಣ್ಣಿನ ಪರೀಕ್ಷೆ ಆಮೇಲೆ. 1960ರ ದಶಕದಲ್ಲಿ ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಯಂತ್ರ ಪ್ರಯೋಗಾಲಯಗಳಿಗೆ ಬಂದ ಮೇಲೆ ಪೂರ್ತಿ ಚಿತ್ರ ಸಿಕ್ಕಿತು. ಆ ಯಂತ್ರ ಹಣ್ಣಿನ ಆವಿಯನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸುತ್ತದೆ. ಇವತ್ತಿನ ಲೆಕ್ಕದಲ್ಲಿ ಬಾಳೆಹಣ್ಣಿನ ಘಮದಲ್ಲಿ ಇನ್ನೂರಕ್ಕೂ ಹೆಚ್ಚು ವಸ್ತುಗಳಿವೆ. ಐಸೋಅಮೈಲ್ ಅಸಿಟೇಟ್ ಅವುಗಳಲ್ಲಿ ಜೋರು ದನಿಯದು, ಅಷ್ಟೇ. ಜೊತೆಗೆ ಐಸೋಬ್ಯುಟೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್, ಬ್ಯುಟಿರೇಟ್ ಎಸ್ಟರ್‌ಗಳಿವೆ. ಲವಂಗದ ಘಮಕ್ಕೆ ಕಾರಣವಾದ ಯೂಜಿನಾಲ್ ಕೂಡ ಸ್ವಲ್ಪ ಇದೆ. ಚೆನ್ನಾಗಿ ಕಳಿತ ಹಣ್ಣಿನಲ್ಲಿ ಮಸಾಲೆಯಂಥ ಒಂದು ಹಿನ್ನೆಲೆ ಘಮ ಬರುತ್ತದಲ್ಲ, ಅದಕ್ಕೆ ಇಂಥವೇ ಕಾರಣ. ಮಿಠಾಯಿಯಲ್ಲಿ ಒಬ್ಬನೇ ಡೊಳ್ಳು ಬಾರಿಸುತ್ತಾನೆ, ಹಣ್ಣಿನಲ್ಲಿ ಇಡೀ ವಾದ್ಯದ ತಂಡ ಇರುತ್ತದೆ.

ಇನ್ನೂ ಒಂದು ಸಂಗತಿ ಇದೆ, ನನಗೆ ಬಹಳ ಇಷ್ಟವಾದದ್ದು. ಬಾಳೆಹಣ್ಣು ಈ ಘಮವನ್ನು ಹೇಗೆ ಮಾಡಿಕೊಳ್ಳುತ್ತದೆ? ಕಾಯಿಯೊಳಗಿನ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು, ಅಂದರೆ ಪ್ರೋಟೀನಿನ ಒಂದು ಚೂರನ್ನು, ಹಣ್ಣಾಗುವಾಗ ಒಡೆದು ಐಸೋಅಮೈಲ್ ಆಲ್ಕೋಹಾಲ್ ಮಾಡುತ್ತದೆ. ಆಮೇಲೆ ಒಂದು ಕಿಣ್ವದ ಸಹಾಯದಿಂದ ಅದಕ್ಕೆ ಅಸಿಟೇಟ್ ಜೋಡಿಸುತ್ತದೆ. ಭಟ್ಟಿಯ ಫ್ಯೂಸೆಲ್ ಎಣ್ಣೆ ಎಲ್ಲಿಂದ ಬರುತ್ತದೆ? 1907ರಲ್ಲಿ ಜರ್ಮನಿಯ ಫೆಲಿಕ್ಸ್ ಎರ್ಲಿಕ್ ಅದನ್ನು ತೋರಿಸಿದ. ಯೀಸ್ಟ್ ಕೂಡ ಲ್ಯೂಸಿನ್ ಅನ್ನೇ ಒಡೆದು ಅದೇ ಆಲ್ಕೋಹಾಲ್ ಮಾಡುತ್ತದೆ. ಭಟ್ಟಿಯ ಕೊಳೆಯೂ ಹಣ್ಣಿನ ಪರಿಮಳವೂ ಒಂದೇ ಮೂಲದಿಂದ ಹೊರಟಿವೆ. ಮನುಷ್ಯ ಗಂಧಕಾಮ್ಲ ಹಾಕಿ ಕಾಯಿಸಿ ಮಾಡಿದ್ದನ್ನು ಹಣ್ಣು ಅಟ್ಟದ ಮೇಲೆ ಸುಮ್ಮನೆ ಕೂತು ಮಾಡುತ್ತದೆ.

ಜೇನು ಸಾಕುವವರಿಗೆ ಒಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಜೇನುನೊಣ ಕುಟುಕಿದಾಗ ಅದರ ಕೊಂಡಿಯ ಬಳಿಯಿಂದ ಬರುವ ಅಪಾಯದ ವಾಸನೆ ಇದೆಯಲ್ಲ, ಒಂದು ಕುಟುಕಿದರೆ ಉಳಿದವೂ ಮೇಲೆ ಬೀಳುವಂತೆ ಮಾಡುವ ವಾಸನೆ, ಅದರಲ್ಲಿ ಇದೇ ಐಸೋಅಮೈಲ್ ಅಸಿಟೇಟ್ ಇರುವುದು 1962ರಲ್ಲಿ ಪತ್ತೆಯಾಯಿತು. ಬಾಳೆಹಣ್ಣು ತಿಂದು ಪೆಟ್ಟಿಗೆಯ ಹತ್ತಿರ ಹೋಗಬೇಡಿ ಎಂದು ಜೇನು ಸಾಕುವವರು ಹೇಳುವುದು ಇದಕ್ಕೇ.

ಹಣ್ಣಾಗುವ ವಿಷಯಕ್ಕೆ ಬರೋಣ. ಬಾಳೆಕಾಯಿಯ ತಿರುಳಿನಲ್ಲಿ ಸುಮಾರು ಐದನೇ ಒಂದು ಭಾಗ ಪಿಷ್ಟ. ಹಣ್ಣಾದಾಗ ಅದು ಒಂದೆರಡು ಶೇಕಡಾಕ್ಕೆ ಇಳಿದು ಹೆಚ್ಚೂ ಕಡಿಮೆ ಎಲ್ಲವೂ ಸಕ್ಕರೆ ಆಗುತ್ತದೆ. ಒಗರು ಕೊಡುವ ಟ್ಯಾನಿನ್ ಗಟ್ಟಿಯಾಗಿ ನಾಲಗೆಗೆ ಸಿಗದಂತಾಗುತ್ತದೆ. ಈ ಎಲ್ಲಕ್ಕೂ ಗಂಟೆ ಹೊಡೆಯುವುದು ಎಥಿಲೀನ್ ಎಂಬ ಅನಿಲ. ಅದನ್ನು ಹಣ್ಣೇ ಬಿಡುತ್ತದೆ. ಒಂದು ಹಣ್ಣು ಬಿಟ್ಟರೆ ಪಕ್ಕದ ಕಾಯಿಯೂ ಹಣ್ಣಾಗಲು ಶುರು ಮಾಡುತ್ತದೆ.

ಇದನ್ನು ವಿಜ್ಞಾನ ಕಂಡುಕೊಂಡದ್ದು ಬಾಳೆಯ ಹಡಗುಗಳಿಂದ ಅಂದರೂ ತಪ್ಪಿಲ್ಲ. 1910ರಲ್ಲಿ ಜಮೈಕಾದ ಕೃಷಿ ಇಲಾಖೆಯ ಕಸಿನ್ಸ್ ಎಂಬ ಅಧಿಕಾರಿ ವರದಿಯಲ್ಲಿ ಬರೆದ: ಹಡಗಿನಲ್ಲಿ ಕಿತ್ತಳೆಯನ್ನು ಬಾಳೆಯ ಜೊತೆ ಇಡಬೇಡಿ, ಕಿತ್ತಳೆಯಿಂದ ಏನೋ ಹೊರಬಂದು ಬಾಳೆಯನ್ನು ಬೇಗ ಹಣ್ಣು ಮಾಡುತ್ತಿದೆ. ಆ ಏನೋ ಏನೆಂದು ಅವನಿಗೆ ಗೊತ್ತಿರಲಿಲ್ಲ. ಹಣ್ಣೇ ಎಥಿಲೀನ್ ಬಿಡುತ್ತದೆ ಎಂದು ಇಂಗ್ಲೆಂಡಿನ ರಿಚರ್ಡ್ ಗೇನ್ ಸೇಬಿನಲ್ಲಿ ಸಾಬೀತು ಮಾಡಿದ್ದು 1934ರಲ್ಲಿ. ನಮ್ಮ ಅಜ್ಜಂದಿರು ಗೊನೆಯನ್ನು ಗುಂಡಿಯಲ್ಲಿಟ್ಟು ಹುಲ್ಲು ಮುಚ್ಚಿ ಹೊಗೆ ಹಾಕುತ್ತಿದ್ದರಲ್ಲ, ಆ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಪರಿಮಳ ಮಾತ್ರ ಕೊನೆಗೆ ಬರುವ ಅತಿಥಿ. ಬಣ್ಣ ಮೊದಲು ತಿರುಗುತ್ತದೆ, ಸಕ್ಕರೆ ಆಗುತ್ತದೆ, ಎಸ್ಟರ್‌ಗಳು ಆಮೇಲೆ ಏರುತ್ತವೆ. ಸಿಪ್ಪೆಯ ಮೇಲೆ ಕಂದು ಚುಕ್ಕೆ ಬೀಳುವ ಹೊತ್ತಿಗೆ ಘಮ ತುಂಬಿರುತ್ತದೆ. ಬಲಿಯದ ಕಾಯಿಯನ್ನು ಕಿತ್ತು ಬಲವಂತವಾಗಿ ಹಳದಿ ಮಾಡಿದರೆ ಬಣ್ಣ ಬರುತ್ತದೆ, ಘಮಕ್ಕೆ ಬೇಕಾದ ಸರಕೇ ಒಳಗೆ ಇರುವುದಿಲ್ಲ. ಸಂತೆಯಲ್ಲಿ ನಿಂಬೆಹಣ್ಣಿನಂತೆ ಹೊಳೆಯುವ, ಒಂದೂ ಚುಕ್ಕೆಯಿಲ್ಲದ, ತೊಟ್ಟು ಇನ್ನೂ ಹಸಿರಾಗಿರುವ ಬಾಳೆ ತಂದು ತಿಂದು, ಸೌತೆಕಾಯಿ ತಿಂದಂತಾಯಿತು ಅಂತ ಬೈದುಕೊಳ್ಳುವವರಿಗೆ ಇದೇ ಉತ್ತರ. ಕಾರ್ಬೈಡ್ ಹಾಕಿದ್ದಾದರೆ ಇನ್ನೂ ಕೆಟ್ಟದ್ದು. ಅದರಿಂದ ಬರುವ ಅಸಿಟಿಲೀನ್ ಅನಿಲ ಎಥಿಲೀನಿನ ವೇಷ ಹಾಕುತ್ತದೆ, ಜೊತೆಗೆ ಆರ್ಸೆನಿಕ್ ಮತ್ತು ರಂಜಕದ ಕಲ್ಮಶವೂ ಬರುತ್ತದೆ. ನಮ್ಮ ದೇಶದಲ್ಲಿ ಅದನ್ನು ಹಣ್ಣು ಮಾಡಲು ಬಳಸುವುದು ನಿಷಿದ್ಧ. ಎಥಿಲೀನ್ ಅನಿಲಕ್ಕೆ ಮಾತ್ರ 100 ಪಿಪಿಎಂ ಮಿತಿಯೊಳಗೆ ಅನುಮತಿ ಇದೆ. ಇನ್ನು ಫ್ರಿಜ್. ಬಾಳೆಗೆ 13 ಡಿಗ್ರಿಗಿಂತ ಕೆಳಗಿನ ಚಳಿ ಆಗದು. ಸಿಪ್ಪೆ ಕಪ್ಪಾಗುತ್ತದೆ, ಕಾಯಿಯಾಗಿದ್ದಾಗಲೇ ಇಟ್ಟರೆ ಮತ್ತೆ ಸರಿಯಾಗಿ ಹಣ್ಣಾಗುವುದೂ ಇಲ್ಲ.

ಈಗ ಗ್ರೋ ಮಿಷೆಲ್ ಕಥೆ. ಫ್ರೆಂಚಿನಲ್ಲಿ ಆ ಹೆಸರಿಗೆ ದಪ್ಪ ಮೈಕೇಲ ಅಂತ ಅರ್ಥ. ಆಗ್ನೇಯ ಏಷ್ಯಾದ ಬಾಳೆ ಅದು. ಫ್ರೆಂಚರು ಅದನ್ನು ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪಕ್ಕೆ ಒಯ್ದರು. 1830ರ ದಶಕದಲ್ಲಿ ಅದು ಜಮೈಕಾ ಮುಟ್ಟಿತು. 1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಅಮೆರಿಕದ ನಾವಿಕ ಜಮೈಕಾದಿಂದ ಒಂದಷ್ಟು ಗೊನೆ ಹೇರಿಕೊಂಡು ಹೋಗಿ ಜರ್ಸಿ ಸಿಟಿಯಲ್ಲಿ ಲಾಭಕ್ಕೆ ಮಾರಿದ. ಅಲ್ಲಿಂದ ವ್ಯಾಪಾರ ಬೆಳೆಯಿತು. 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿ ಹುಟ್ಟಿತು. ಮಧ್ಯ ಅಮೆರಿಕದ ದೇಶಗಳಲ್ಲಿ ಕಾಡು ಕಡಿದು, ರೈಲು ಹಾಕಿ, ಗ್ರೋ ಮಿಷೆಲ್ ಒಂದನ್ನೇ ನೆಟ್ಟರು. ಆ ದೇಶಗಳ ಸರ್ಕಾರಗಳನ್ನೂ ಕಂಪನಿಯೇ ಆಡಿಸುವಂತಾಯಿತು. 1928ರ ಡಿಸೆಂಬರಿನಲ್ಲಿ ಕೊಲಂಬಿಯಾದ ಸಿಯೆನಾಗಾದಲ್ಲಿ ಮುಷ್ಕರ ಹೂಡಿದ ಬಾಳೆ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸಿತು. ಅದು ಬೇರೆಯೇ ಲೇಖನವಾಗಬೇಕಾದ ವಿಷಯ.

ಗ್ರೋ ಮಿಷೆಲ್ ಯಾಕೆ ಅಂದರೆ ರುಚಿಗಿಂತ ಮೊದಲು ಅದರ ಸಿಪ್ಪೆ. ದಪ್ಪ ಸಿಪ್ಪೆ. ಗೊನೆಯನ್ನು ಇಡಿಯಾಗಿ ಹಡಗಿನೊಳಗೆ ಎಸೆದರೂ ಹಣ್ಣು ಜಜ್ಜುತ್ತಿರಲಿಲ್ಲ. ಅದೃಷ್ಟಕ್ಕೆ ಘಮವೂ ಚೆನ್ನಾಗಿತ್ತು. ಅದನ್ನು ತಿಂದವರು ಇದು ಮಿಠಾಯಿಯ ವಾಸನೆಗೆ ಹತ್ತಿರ ಅನ್ನುತ್ತಾರೆ. ಮೊಬೈಲಿನ ಕಥೆ ಹುಟ್ಟಿದ್ದು ಇಲ್ಲಿಂದ ಇರಬೇಕು. ಆದರೆ ಮೇಲೆ ನೋಡಿದಂತೆ, ಮಿಠಾಯಿಯವರು ಈ ಹಣ್ಣನ್ನು ನಕಲು ಮಾಡಲಿಲ್ಲ. ಬೇಕರ್‌ನ ಹಡಗು ಹೊರಡುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ಸೀಸೆ ಲಂಡನ್ನಿನ ಪ್ರದರ್ಶನದಲ್ಲಿತ್ತು. ಮಾಯವಾಯಿತು ಅನ್ನುವುದೂ ಸುಳ್ಳು. ಥಾಯ್ಲೆಂಡಿನಲ್ಲಿ ಕ್ಲುಅಯ್ ಹೋಮ್ ಥಾಂಗ್ ಎಂಬ ಹೆಸರಿನಲ್ಲಿ ಅದನ್ನು ಇವತ್ತಿಗೂ ಬೆಳೆದು ತಿನ್ನುತ್ತಾರೆ. ಹೋಮ್ ಅಂದರೆ ಅವರ ಭಾಷೆಯಲ್ಲಿ ಘಮ. ಮಾಯವಾದದ್ದು ಹಡಗಿನ ವ್ಯಾಪಾರದಿಂದ.

ಮಾಯ ಮಾಡಿದ್ದು ಒಂದು ಶಿಲೀಂಧ್ರ. ಮಣ್ಣಿನಲ್ಲಿ ಬದುಕುವ ಫ್ಯುಸೇರಿಯಂ. ಬೇರಿನಿಂದ ಒಳಗೆ ಹೋಗಿ ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ಗಿಡದ ಕೆಳಗಿನ ಎಲೆ ಮೊದಲು ಹಳದಿಯಾಗಿ, ಕಾವು ಮುರಿದು, ಲಂಗದಂತೆ ಸುತ್ತ ಜೋತು ಬೀಳುತ್ತದೆ. ನೀರು ಕಟ್ಟಿದರೂ ಗಿಡ ಬಾಯಾರಿ ಸಾಯುತ್ತದೆ. ಇದನ್ನು ಮೊದಲು ವರದಿ ಮಾಡಿದ್ದು 1876ರಲ್ಲಿ, ಆಸ್ಟ್ರೇಲಿಯಾದಲ್ಲಿ. ಆದರೆ ಹಾನಿ ದೊಡ್ಡದಾಗಿ ಕಂಡದ್ದು ಪನಾಮ ದೇಶದ ತೋಟಗಳಲ್ಲಿ, ಹಾಗಾಗಿ ಪನಾಮ ರೋಗ ಅನ್ನುವ ಹೆಸರು ನಿಂತಿತು. ಬಾಳೆಗೆ ಬೀಜವಿಲ್ಲ. ಕಂದು ಕಿತ್ತು ನೆಡುತ್ತೇವೆ. ಅಂದರೆ ಲಕ್ಷಾಂತರ ಎಕರೆಯ ಗ್ರೋ ಮಿಷೆಲ್ ಎಲ್ಲವೂ ಒಂದೇ ಗಿಡ. ಒಂದಕ್ಕೆ ರೋಗ ತಗುಲುವುದಾದರೆ ಎಲ್ಲಕ್ಕೂ ತಗುಲುತ್ತದೆ. ಕಂದಿನ ಜೊತೆ, ಮಣ್ಣಿನ ಜೊತೆ, ಹರಿಯುವ ನೀರಿನ ಜೊತೆ ರೋಗ ಓಡಿತು. ಕಂಪನಿಗಳು ರೋಗದ ಭೂಮಿ ಬಿಟ್ಟು ಹೊಸ ಕಾಡು ಕಡಿದವು, ಅಲ್ಲಿಗೂ ಬಂತು. ತೋಟಗಳನ್ನು ತಿಂಗಳುಗಟ್ಟಲೆ ನೀರಲ್ಲಿ ಮುಳುಗಿಸಿ ಶಿಲೀಂಧ್ರ ಉಸಿರುಕಟ್ಟಿ ಸಾಯಲಿ ಅಂತ ನೋಡಿದರು. ಅದೂ ಹೆಚ್ಚು ದಿನ ನಡೆಯಲಿಲ್ಲ. ಈ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಸುಮ್ಮನೆ ಕಾದಿರಬಲ್ಲದು.

ನಡುವೆ ಇಂಗ್ಲೆಂಡಿನ ಒಂದು ಘಟನೆ ಹೇಳಿಬಿಡುತ್ತೇನೆ, ಸೀಸೆಯ ವಾಸನೆಗೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ. ಎರಡನೇ ಮಹಾಯುದ್ಧದಲ್ಲಿ, 1940ರ ನವೆಂಬರಿನಿಂದ, ಅಲ್ಲಿ ಬಾಳೆಹಣ್ಣಿನ ಆಮದು ನಿಂತುಹೋಯಿತು. ಹಡಗುಗಳು ಯುದ್ಧಕ್ಕೆ ಬೇಕಿತ್ತು. ಆಗ ತಾಯಂದಿರು ಪಾರ್ಸ್‌ನಿಪ್ ಎಂಬ ಬಿಳಿ ಗಜ್ಜರಿಯಂಥ ಗಡ್ಡೆಯನ್ನು ಬೇಯಿಸಿ, ಕಿವುಚಿ, ಸಕ್ಕರೆ ಮತ್ತು ಎರಡು ಹನಿ ಬಾಳೆ ಎಸೆನ್ಸ್ ಹಾಕಿ, ಬ್ರೆಡ್ಡಿಗೆ ಹಚ್ಚಿ ಮಕ್ಕಳಿಗೆ ಕೊಡುತ್ತಿದ್ದರು. ಇದೇ ಬಾಳೆಹಣ್ಣು ಅಂದುಕೊಂಡು ಬೆಳೆದ ಮಕ್ಕಳಿದ್ದರು. 1945ರ ಡಿಸೆಂಬರ್ 30ಕ್ಕೆ ಬಾಳೆ ಹೊತ್ತ ಮೊದಲ ಹಡಗು ಏವನ್‌ಮೌತ್ ಬಂದರಿಗೆ ಬಂದಾಗ ಅದೇ ದೊಡ್ಡ ಸುದ್ದಿ.

1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕಂಪನಿಗಳಿಗೆ ಬೇರೆ ದಾರಿ ಉಳಿಯಲಿಲ್ಲ. ಮೊದಲು ಸ್ಟ್ಯಾಂಡರ್ಡ್ ಫ್ರೂಟ್, ಆಮೇಲೆ 1960ರ ದಶಕದಲ್ಲಿ ಯುನೈಟೆಡ್ ಫ್ರೂಟ್, ಕ್ಯಾವೆಂಡಿಶ್ ತಳಿಗೆ ಬದಲಾದವು. ಆ ರೋಗದ ಆಗಿನ ತಳಿ ಕ್ಯಾವೆಂಡಿಶನ್ನು ಮುಟ್ಟುತ್ತಿರಲಿಲ್ಲ. ಆದರೆ ಸಿಪ್ಪೆ ತೆಳು, ಜಜ್ಜುತ್ತದೆ. ಹಾಗಾಗಿ ಗೊನೆಯ ಬದಲು ಚಿಪ್ಪು ಕತ್ತರಿಸಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಬೇಕಾಯಿತು. ಘಮವೂ ಕಡಿಮೆ, ಗಿರಾಕಿ ಒಪ್ಪುತ್ತಾನೋ ಇಲ್ಲವೋ ಅನ್ನುವ ಅಳುಕು ಕಂಪನಿಗಳಿಗೇ ಇತ್ತು. ಗಿರಾಕಿ ಒಪ್ಪಿದ. ಬೇರೆ ಹಣ್ಣೇ ಸಿಗದಿದ್ದರೆ ಒಪ್ಪದೆ ಏನು ಮಾಡುತ್ತಾನೆ?

ಕ್ಯಾವೆಂಡಿಶ್ ಅಂದರೆ ಯಾವುದೋ ಪರದೇಶಿ ಅಂದುಕೊಳ್ಳಬೇಡಿ. ನಮ್ಮ ಪಚ್ಚಬಾಳೆ ಅದೇ ಬಳಗ. ಈಗ ಎಲ್ಲರೂ ಟಿಶ್ಯೂ ಕಲ್ಚರ್ ಸಸಿ ತಂದು ಹಾಕುವ ಜಿ-9 ಕೂಡ ಅದೇ ಬಳಗ. ಆ ಹೆಸರು ಬಂದದ್ದು ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ನಿಂದ. ಅವನ ಚಾಟ್ಸ್‌ವರ್ತ್ ಬಂಗಲೆಯ ಗಾಜಿನ ಮನೆಯಲ್ಲಿ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್, ಮಾರಿಷಸ್ ಮೂಲಕ ಬಂದ ಬಾಳೆ ಗಿಡವೊಂದನ್ನು ಬೆಳೆಸಿದ. 1835ರ ನವೆಂಬರಿನಲ್ಲಿ ಅದು ಹೂಬಿಟ್ಟಿತು. ಅದರ ಕಂದುಗಳನ್ನು ಮಿಷನರಿಗಳು ಪೆಸಿಫಿಕ್ ದ್ವೀಪಗಳಿಗೆ ಒಯ್ದರು. ಈ ಪ್ಯಾಕ್ಸ್‌ಟನ್ ಯಾರು ಗೊತ್ತೇ? 1851ರ ಆ ಗಾಜಿನ ಅರಮನೆ, ಬಾಳೆಯಿಲ್ಲದ ಬಾಳೆ ವಾಸನೆಯ ಸೀಸೆ ಇಟ್ಟಿದ್ದ ಕ್ರಿಸ್ಟಲ್ ಪ್ಯಾಲೇಸ್, ಅದರ ನಕ್ಷೆ ಬರೆದವನೂ ಇವನೇ. ಕಾಕತಾಳೀಯ ಅಷ್ಟೇ, ಆದರೆ ಬರೆಯದೆ ಬಿಡಲು ಮನಸ್ಸಾಗಲಿಲ್ಲ.

ಇಲ್ಲಿಂದ ನಂಜನಗೂಡಿಗೆ ಬರೋಣ. ಪನಾಮ ರೋಗದ ಶಿಲೀಂಧ್ರದಲ್ಲಿ ಬೇರೆ ಬೇರೆ ರೇಸ್‌ಗಳಿವೆ. ಗ್ರೋ ಮಿಷೆಲನ್ನು ಮುಗಿಸಿದ್ದು ರೇಸ್ 1. ಅದೇ ರೇಸ್ 1 ಇನ್ನೊಂದು ಬಾಳೆ ಗುಂಪನ್ನೂ ಹಿಡಿಯುತ್ತದೆ. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಸಿಲ್ಕ್. ತಮಿಳಿನಲ್ಲಿ ರಸ್ತಾಳಿ, ತೆಲುಗಿನಲ್ಲಿ ಅಮೃತಪಾಣಿ, ಬಂಗಾಳದಲ್ಲಿ ಮರ್ತಮಾನ್. ನಮ್ಮಲ್ಲಿ ರಸಬಾಳೆ. ನಂಜನಗೂಡಿನ ರಸಬಾಳೆ ಈ ಗುಂಪಿಗೇ ಸೇರಿದ್ದು.

ರಸಬಾಳೆಯ ಘಮವನ್ನು ಬಲ್ಲವರಿಗೆ ಹೇಳಬೇಕಿಲ್ಲ. ಸಿಹಿಯ ಜೊತೆ ಸಣ್ಣ ಹುಳಿ, ಮನೆಯ ಒಂದು ಮೂಲೆಯಲ್ಲಿ ಇಟ್ಟರೆ ಹಜಾರಕ್ಕೆಲ್ಲ ಗೊತ್ತಾಗುತ್ತದೆ. ಬ್ರೆಜಿಲ್ಲಿನಲ್ಲಿ ಇದೇ ಸಿಲ್ಕ್ ಬಾಳೆಗೆ ಮಸಾಂ ಅನ್ನುತ್ತಾರೆ, ಸೇಬು ಅಂತ ಅರ್ಥ. ಅಲ್ಲಿಯ ಜನರ ಮೂಗಿಗೆ ಅದು ಸೇಬಿನಂತೆ ಕಂಡಿದೆ. ಹಣ್ಣು ಒಂದೇ, ಇವರಿಗೆ ರಸ, ಅವರಿಗೆ ಸೇಬು. ಪೇರ್ ಡ್ರಾಪ್ಸ್ ನೆನಪಿಗೆ ಬರುತ್ತದೆ.

ಆದರೆ ವ್ಯಾಪಾರದ ಕಣ್ಣಿಗೆ ರಸಬಾಳೆಯದ್ದು ಎಲ್ಲವೂ ದೋಷ. ಸಿಪ್ಪೆ ತೆಳು. ಹಣ್ಣಾದರೆ ಚಿಪ್ಪಿನಿಂದ ತಾನಾಗಿಯೇ ಉದುರುತ್ತದೆ. ಸಿಪ್ಪೆ ಸೀಳುತ್ತದೆ. ತಿರುಳಿನಲ್ಲಿ ಕೆಲವೊಮ್ಮೆ ಗಟ್ಟಿ ಗಂಟು ಬರುತ್ತದೆ. ಗೊನೆ ಸಣ್ಣದು, ಕೈಗೆ ಬರಲು ಜಿ-9ಗಿಂತ ಹೆಚ್ಚು ತಿಂಗಳು ಬೇಕು. ಇಷ್ಟರ ಮೇಲೆ ಸೊರಗು ರೋಗ. ನಂಜನಗೂಡು ಹತ್ತಿರದ ದೇವರಸನಹಳ್ಳಿಯ ಕಡೆ ಒಂದು ಕಾಲಕ್ಕೆ ತೋಟ ತೋಟವೇ ರಸಬಾಳೆಯಿತ್ತು. ರೋಗ ಬಂದ ಮೇಲೆ ರೈತರು ಬೇರೆ ಬೆಳೆಗೆ, ಬೇರೆ ಬಾಳೆಗೆ ಹೋದರು. ಈ ಹಣ್ಣಿಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ನಂಜನಗೂಡು ಸೀಮೆಯಲ್ಲದ ಬಾಳೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ ಅನ್ನುವ ಕಾನೂನು ಅದು. ಕಾನೂನು ಹೆಸರನ್ನು ಕಾಯುತ್ತದೆ. ಬೇರಿನೊಳಗೆ ಹೋಗುವ ಶಿಲೀಂಧ್ರವನ್ನು ಅದು ಹೇಗೆ ತಡೆಯಬೇಕು? ದಾರಿಬದಿಯಲ್ಲಿ ರಸಬಾಳೆ ಅಂತ ಬೋರ್ಡ್ ಹಾಕಿದ ಅಂಗಡಿಗಳಿಗೆ ಕೊರತೆಯಿಲ್ಲ, ಬುಟ್ಟಿಯಲ್ಲಿರುವುದು ಯಾವ ಊರಿನ ರಸ್ತಾಳಿ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಏಲಕ್ಕಿ ಬಾಳೆಗೂ ಸೊರಗು ರೋಗದಿಂದ ಬಿಡುಗಡೆ ಇಲ್ಲ, ಬೆಳೆಗಾರರಿಗೆ ಗೊತ್ತಿರುವುದೇ.

ಜಿ-9 ಹಾಕಿದವರು ನೆಮ್ಮದಿಯಾಗಿದ್ದಾರೆಯೇ ಅಂದರೆ ಅದೂ ಹೆಚ್ಚು ದಿನದ ಮಾತಲ್ಲ. ಟ್ರಾಪಿಕಲ್ ರೇಸ್ 4, ಚಿಕ್ಕದಾಗಿ ಟಿಆರ್4 ಅನ್ನುವ ಹೊಸ ರೇಸ್ ಕ್ಯಾವೆಂಡಿಶನ್ನೇ ಕೊಲ್ಲುತ್ತದೆ. ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ, ಆಫ್ರಿಕಾ ದಾಟಿ 2019ರಲ್ಲಿ ಕೊಲಂಬಿಯಾ ಮುಟ್ಟಿತು. ಭಾರತದಲ್ಲಿ ಬಿಹಾರ, ಉತ್ತರ ಪ್ರದೇಶಗಳ ತೋಟಗಳಲ್ಲಿ ಕಾಣಿಸಿಕೊಂಡಿದೆ. ಪ್ರಪಂಚದಲ್ಲೇ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ ನಮ್ಮದು, ಬೆಳೆಯಲ್ಲಿ ದೊಡ್ಡ ಪಾಲು ಈಗ ಒಂದೇ ಬಳಗದ್ದು. 2024ರಲ್ಲಿ ಆಸ್ಟ್ರೇಲಿಯಾ ಟಿಆರ್4 ತಡೆಯುವ, ಜೀನ್ ಬದಲಿಸಿದ ಕ್ಯಾವೆಂಡಿಶ್ ಒಂದಕ್ಕೆ ಒಪ್ಪಿಗೆ ಕೊಟ್ಟಿದೆ. ಆ ದಾರಿ ಬೇಕೇ ಬೇಡವೇ ಅನ್ನುವ ಜಗಳ ನಮ್ಮಲ್ಲೂ ಬರುತ್ತದೆ. ನನ್ನ ಮಟ್ಟಿಗೆ, ಹತ್ತಾರು ತಳಿ ಇದ್ದ ನಾಡು ಒಂದೇ ತಳಿಗೆ ಜೋತುಬಿದ್ದು ಆಮೇಲೆ ಅದರ ಜೀನ್ ತಿದ್ದಲು ಹೊರಡುವುದು ತಲೆಕೆಳಗಾದ ಲೆಕ್ಕ.

ರಸಬಾಳೆಯನ್ನು ಮತ್ತೆ ಹಾಕುವ ಆಸೆ ಇರುವವರು ಈ ಭಾಗದಲ್ಲಿ ಇನ್ನೂ ಇದ್ದಾರೆ. ಟಿಶ್ಯೂ ಕಲ್ಚರ್ ಸಸಿ ತಂದರೆ ಸಸಿ ಶುದ್ಧವಾಗಿರುತ್ತದೆ, ಆದರೆ ನಿಮ್ಮ ಮಣ್ಣು ಶುದ್ಧವೇ ಅನ್ನುವುದನ್ನು ಸಸಿ ಹೇಳುವುದಿಲ್ಲ. ಹಿಂದೆ ಬಾಳೆ ಸೊರಗಿ ಸತ್ತ ಜಾಗದಲ್ಲೇ ನೆಡಬೇಡಿ. ನೀರಿನ ಅನುಕೂಲ ಇದ್ದರೆ ನಡುವೆ ಭತ್ತ ಹಾಕಿ. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದ ಜೊತೆ ಟ್ರೈಕೋಡರ್ಮ ಕೊಡುವುದನ್ನು ತೋಟಗಾರಿಕೆಯವರು ಹೇಳುತ್ತಾರೆ, ಅದು ರೋಗವನ್ನು ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ಒಂದು ತೋಟದ ನೀರು ಇನ್ನೊಂದಕ್ಕೆ ಹರಿಯದಂತೆ ನೋಡಿಕೊಳ್ಳಿ. ಗುದ್ದಲಿ, ಸನಿಕೆ ತೊಳೆದು ತನ್ನಿ.

ಯಾರದೋ ತೋಟದಿಂದ ಕಂದು ತರುವುದಾದರೆ, ಅಲ್ಲಿ ಸೊರಗಿದಂತೆ ಕಾಣುವ ಒಂದು ಗಿಡವನ್ನು ಬುಡದ ಹತ್ತಿರ ಅಡ್ಡ ಕೊಯ್ದು ನೋಡಿ. ದಿಂಡು, ಗಡ್ಡೆ ಬೆಳ್ಳಗಿರಬೇಕು. ಕೆಂಪು ಮಿಶ್ರಿತ ಕಂದು ಬಣ್ಣದ ಉಂಗುರ, ಚುಕ್ಕೆ ಕಂಡರೆ ಅದು ಪನಾಮ ರೋಗ. ಆ ತೋಟದಿಂದ ಒಂದು ಕಂದನ್ನೂ ತರಬೇಡಿ, ಎಲೆ ಎಷ್ಟೇ ಹಸಿರಾಗಿ ಕಂಡರೂ.